ಡಬ್ಬಿಯೊಳಗಿನ ದೂರ

ನನ್ನ ಕೆಲಸ ಎಂಥದ್ದು ಅಂತ ಅಪ್ಪಯ್ಯನಿಗೆ ಅರ್ಥ ಮಾಡಿಸುವ ಪ್ರಯತ್ನವನ್ನು ನಾನು ಮೂರು ಸಲ ಮಾಡಿದ್ದೇನೆ. ಮೊದಲ ಸಲ ‘ಸಾಫ್ಟ್‌ವೇರು’ ಅಂದೆ. ಅದು ನಮ್ಮ ಕಡೆಯ ಮನೆಗೊಬ್ಬರಂತೆ ಮಾಡುವ ಕೆಲಸವಾದ್ದರಿಂದ ಏನೂ ಹೇಳಿದ ಹಾಗಾಗಲಿಲ್ಲ. ಎರಡನೇ ಸಲ ‘ಮೊಬೈಲ್ ಒಳಗೆ ಟವರಿನ ಜೊತೆ ಮಾತಾಡೋ ಸಾಫ್ಟ್‌ವೇರ್ ಇರ್ತದೆ, ಅದನ್ನ ಟೆಸ್ಟ್ ಮಾಡ್ತೀನಿ’ ಅಂದೆ. ‘ಟೆಸ್ಟು ಅಂದ್ರೆ?’ ಅಂದರು. ಮೂರನೇ ಸಲ ಇದ್ದದ್ದನ್ನು ಇದ್ದ ಹಾಗೇ ಹೇಳಿಬಿಟ್ಟೆ. ‘ಒಂದು ಡಬ್ಬಿ ಇದೆ ಅಪ್ಪಯ್ಯ. ಅದರ ಗುಂಡಿ ತಿರುಗಿಸಿದ್ರೆ ಸಿಗ್ನಲ್ ಕಮ್ಮಿ ಆಗ್ತದೆ. ಕಮ್ಮಿ ಮಾಡ್ತಾ ಮಾಡ್ತಾ ಹೋಗಿ ಫೋನು ಎಲ್ಲಿ ಸೋಲ್ತದೆ ಅಂತ ನೋಡೋದು.’

ಅಡಿಕೆ ಕತ್ತರಿಸುತ್ತಿದ್ದವರು ಅಡಕತ್ತರಿಯನ್ನು ಹಾಗೇ ಹಿಡಿದುಕೊಂಡು ನನ್ನ ಮುಖ ನೋಡಿದರು. ‘ಸಿಗ್ನಲ್ ಕಮ್ಮಿ ಮಾಡಕ್ಕೆ ಸಂಬಳ ಕೊಡ್ತಾರನ? ಇಲ್ಲಿ ಪುಕ್ಕಟೆ ಕಮ್ಮಿ ಆಗ್ತದಲ ಮಾರಾಯ!’

ಸೋಮವಾರ ಆಫೀಸಿನಲ್ಲಿ ಇದನ್ನು ಹೇಳಿ ಎಲ್ಲರನ್ನೂ ನಗಿಸಿದ್ದೆ. ನಾನೂ ನಕ್ಕಿದ್ದೆ. ಅಪ್ಪಯ್ಯ ಹೇಳಿದ್ದರಲ್ಲಿ ತಮಾಷೆಗಿಂತ ಹೆಚ್ಚಿನದು ಇತ್ತು ಅಂತ ನನಗೆ ತಿಳಿಯೋಕೆ ಒಂದು ಮಳೆಗಾಲ ಬೇಕಾಯಿತು.

ನಮ್ಮನೆ ಇರುವುದು ಹೊಸನಗರ ತಾಲೂಕಿನ ಒಂದು ಮೂಲೆಯಲ್ಲಿ. ಮನೆ ತಗ್ಗಿನಲ್ಲಿದೆ. ಹಿಂದೆ ಗುಡ್ಡ, ಮುಂದೆ ಅಡಿಕೆ ತೋಟ, ತೋಟದಾಚೆ ಮತ್ತೊಂದು ಗುಡ್ಡ. ಟವರ್ ಇರುವುದು ಆ ಇನ್ನೊಂದು ಗುಡ್ಡದ ಆಚೆಗೆ. ಅಂಗಳದಲ್ಲಿ ನಿಂತರೆ ಫೋನು ಬರೀ ಗಡಿಯಾರ. ಕೊಟ್ಟಿಗೆ ದಾಟಿ, ಹಲಸಿನ ಮರದ ತಗ್ಗಿಗೆ ಇಳಿದು, ಮತ್ತೆ ಹತ್ತಿ ಹಿಂದಿನ ಗುಡ್ಡದ ನೆತ್ತಿಗೆ ಹೋದರೆ ಅಲ್ಲೊಂದು ಹಾಸುಬಂಡೆ. ಅದರ ಮೇಲೆ ನಿಂತರೆ ಮೂರು ಗೀಟು ಸಿಗ್ನಲ್. ಟವರ್ ಬಂದ ವರ್ಷವೇ ಅದಕ್ಕೆ ‘ಸಿಗ್ನಲ್ ಕಲ್ಲು’ ಅಂತ ಹೆಸರಾಯಿತು. ಅಡಿಕೆ ರೇಟು ಕೇಳುವುದು, ಹೆಣ್ಣಿನ ಕಡೆಯವರಿಗೆ ಉತ್ತರ ಹೇಳುವುದು, ಬೆಂಗಳೂರಿನ ಮಗನಿಗೆ ‘ಊಟ ಆತಾ’ ಅನ್ನುವುದು, ಎಲ್ಲವೂ ಆ ಕಲ್ಲಿನ ಮೇಲೆ ನಿಂತೇ ಆಗಬೇಕು.

ಇತ್ತ ನನ್ನ ಡಬ್ಬಿಯ ಹೆಸರು ಅಟೆನ್ಯುಯೇಟರ್. ತೋಟಕ್ಕೆ ನೀರು ಬಿಟ್ಟು ಗೊತ್ತಿರುವವರಿಗೆ ಇದನ್ನು ವಿವರಿಸುವುದು ಸುಲಭ. ಕಾಲುವೆಯಲ್ಲಿ ನೀರು ಜಾಸ್ತಿ ಬರ್ತಿದೆ ಅಂತ ಒಂದು ಗುದ್ದಲಿ ಮಣ್ಣು ಎಳೆದು ಅಡ್ಡ ಹಾಕಿದರೆ ಮುಂದಕ್ಕೆ ಹೋಗುವ ನೀರೇನೋ ಕಮ್ಮಿಯಾಗುತ್ತದೆ, ಆದರೆ ತಡೆದ ನೀರು ಹಿಂದಕ್ಕೆ ಒತ್ತಿ ಎಲ್ಲೋ ಬದು ಒಡೆಯುತ್ತದೆ. ಕೇಬಲ್ಲಿನೊಳಗೆ ಹೋಗುವ ರೇಡಿಯೋ ಅಲೆಯೂ ಹಾಗೇ. ಅಡ್ಡ ಹಾಕಿದರೆ ತಿರುಗಿ ವಾಪಸು ಬರುತ್ತದೆ, ಬಂದು ನಮ್ಮ ಅಳತೆಯನ್ನೆಲ್ಲ ಕೆಡಿಸುತ್ತದೆ. ನಮಗೆ ಬೇಕಾದ್ದು ಮಣ್ಣಿನ ಅಡ್ಡಗಟ್ಟೆಯಲ್ಲ, ಮರಳು ನೆಲದ ಕಾಲುವೆ. ನೀರು ಹರಿಯುತ್ತಲೇ ಇರಬೇಕು, ಹಾದಿಯಲ್ಲೇ ಒಂದಿಷ್ಟು ಇಂಗಬೇಕು, ಉಳಿದದ್ದು ಸಲೀಸಾಗಿ ಮುಂದೆ ಹೋಗಬೇಕು.

ಇಂಗಿಸುವ ಕೆಲಸಕ್ಕೆ ಮೂರೇ ಮೂರು ರೆಸಿಸ್ಟರ್ ಸಾಕು. ಹಾದಿಯ ನಡುವೆ ಸುಮಾರು 71 ಓಮಿನದು ಒಂದು, ಅದರ ಎರಡೂ ತುದಿಯಿಂದ ನೆಲಕ್ಕೆ ಸುಮಾರು 96 ಓಮಿನದು ಒಂದೊಂದು. ಗ್ರೀಕಿನ ‘ಪೈ’ ಅಕ್ಷರದ ಹಾಗೆ ಕಾಣುತ್ತದೆ. ಯಾವ ಕಡೆಯಿಂದ ಬಂದ ಅಲೆಗೂ ಇದು ಎಂದಿನ 50 ಓಮಿನ ಕೇಬಲ್ಲೇ ಮುಂದುವರಿದ ಹಾಗೆ ತೋರುವುದರಿಂದ ಅಲೆ ಹಿಂದೆ ತಿರುಗುವುದಿಲ್ಲ. ಆದರೆ ಒಳಗೆ ಹೋದ ಶಕ್ತಿಯ ಹತ್ತರಲ್ಲಿ ಒಂಬತ್ತು ಪಾಲು ಬಿಸಿಯಾಗಿ ಕಳೆದು, ಒಂದು ಪಾಲು ಮಾತ್ರ ಆಚೆ ಬರುತ್ತದೆ. ಇದು 10 ಡೆಸಿಬೆಲ್‌ನ ಪ್ಯಾಡು. ಇಂಥ ಬೇರೆ ಬೇರೆ ಅಳತೆಯ ಪ್ಯಾಡುಗಳನ್ನು ಒಂದೇ ಡಬ್ಬಿಯಲ್ಲಿ ಸಾಲಾಗಿ ಕೂರಿಸಿ, ಬೇಕಾದ್ದನ್ನು ಹಾದಿಗೆ ಸೇರಿಸಿ ಬೇಡದ್ದನ್ನು ಬಿಡುವ ಸ್ವಿಚ್ಚುಗಳನ್ನು ಕೊಟ್ಟರೆ ಹೆಚ್ಚು ಕಮ್ಮಿ ಮಾಡಬಹುದಾದ ಅಟೆನ್ಯುಯೇಟರ್ ತಯಾರು. ನಮ್ಮ ಲ್ಯಾಬಿನಲ್ಲಿ ಇದ್ದದ್ದು ಎಚ್‌ಪಿ ಕಂಪನಿಯ ಹಳೇ ಜೋಡಿ. 8494 ಅನ್ನುವುದು ಒಂದೊಂದೇ ಡೆಸಿಬೆಲ್ ಹೆಜ್ಜೆಯಲ್ಲಿ 11ರವರೆಗೆ, 8496 ಅನ್ನುವುದು ಹತ್ತು ಹತ್ತರ ಹೆಜ್ಜೆಯಲ್ಲಿ 110ರವರೆಗೆ. ಎರಡನ್ನೂ ಸೇರಿಸಿದರೆ ಸೊನ್ನೆಯಿಂದ 121ರವರೆಗೆ ಯಾವ ಅಂಕಿ ಬೇಕಾದರೂ ಸಿಗುತ್ತದೆ. ಪ್ರತಿ ಹೆಜ್ಜೆಗೂ ಒಳಗಿನಿಂದ ‘ಟಕ್’ ಅಂತ ಸದ್ದು. ರಾತ್ರಿ ಪಾಳಿಯಲ್ಲಿ ಟೆಸ್ಟ್ ಓಡುತ್ತಿದ್ದರೆ ಲ್ಯಾಬಿಡೀ ಟಕ್, ಟಕ್, ಟಕ್. ಮನೆಯಲ್ಲಿ ರಾತ್ರಿಯೆಲ್ಲ ಅಡಿಕೆ ಸುಲಿಯುವ ಸದ್ದು ಕೇಳುತ್ತಾ ಬೆಳೆದವನಿಗೆ ಅದೇನೂ ಕಷ್ಟವಾಗಲಿಲ್ಲ.

ಡೆಸಿಬೆಲ್ಲಿನ ಲೆಕ್ಕಕ್ಕೆ ಹೆದರುವ ಅಗತ್ಯವಿಲ್ಲ. 3 ಅಂದರೆ ಅರ್ಧ, 10 ಅಂದರೆ ಹತ್ತರಲ್ಲೊಂದು, 20 ಅಂದರೆ ನೂರರಲ್ಲೊಂದು, 60 ಅಂದರೆ ಹತ್ತು ಲಕ್ಷದಲ್ಲೊಂದು. ಒಂದು ಮಿಲಿವ್ಯಾಟನ್ನು ಸೊನ್ನೆ ಅಂತ ಇಟ್ಟುಕೊಂಡು ಅಲ್ಲಿಂದ ಕೆಳಗೆ ಎಣಿಸಿದರೆ ಅದು ಡಿಬಿಎಂ. ಜಿಎಸ್‌ಎಂ ನಿಯಮದ ಪ್ರಕಾರ 900 ಮೆಗಾಹರ್ಟ್ಸ್‌ನ ಕೈಫೋನು ಮೈನಸ್ 102 ಡಿಬಿಎಂನಷ್ಟು ಕ್ಷೀಣವಾದ ಸಿಗ್ನಲ್ಲನ್ನೂ ಕೇಳಿಸಿಕೊಳ್ಳಬೇಕು. ಒಂದು ಮಿಲಿವ್ಯಾಟನ್ನು ಸಾವಿರ ಕೋಟಿ ಪಾಲು ಮಾಡಿ ಅದರಲ್ಲಿ ಒಂದು ಪಾಲು ಎತ್ತಿಕೊಂಡರೆ ಮೈನಸ್ 100. ನಿಯಮ ಕೇಳುವುದು ಅದಕ್ಕಿಂತಲೂ ಕಮ್ಮಿ. ಕಿಸೆಯಲ್ಲಿರುವ ಆ ಸಣ್ಣ ಡಬ್ಬಿಯ ಕಿವಿ ಎಷ್ಟು ಚುರುಕು ನೋಡಿ.

ಅಟೆನ್ಯುಯೇಟರ್ ಅಂದರೆ ನಿಜವಾಗಿ ಏನು ಅಂತ ನನಗೆ ಹೊಳೆದದ್ದು ಒಂದು ಸಣ್ಣ ಇತಿಹಾಸ ಓದಿದಾಗ. ಡೆಸಿಬೆಲ್ ಅನ್ನುವ ಅಳತೆ ಹುಟ್ಟುವ ಮೊದಲು, ಅಮೆರಿಕದ ಟೆಲಿಫೋನ್ ಇಂಜಿನಿಯರುಗಳು ಸಿಗ್ನಲ್ ಎಷ್ಟು ಸೊರಗಿತು ಅನ್ನುವುದನ್ನು ‘ಇಷ್ಟು ಮೈಲಿ ಕೇಬಲ್’ ಅಂತ ಹೇಳುತ್ತಿದ್ದರಂತೆ. ಒಂದು ಮೈಲಿ ಸ್ಟಾಂಡರ್ಡ್ ಕೇಬಲ್ ದಾಟಿದರೆ ದನಿ ಎಷ್ಟು ಕುಗ್ಗುತ್ತದೋ ಅದೇ ಅಳತೆಗೋಲು. 1920ರ ದಶಕದಲ್ಲಿ ಬೆಲ್ ಕಂಪನಿಯವರು ಅದನ್ನು ಬಿಟ್ಟು ಲೆಕ್ಕಕ್ಕೆ ಅನುಕೂಲವಾದ ಹೊಸ ಅಳತೆ ತಂದರು, 1928ರಲ್ಲಿ ಗ್ರಹಾಂ ಬೆಲ್‌ನ ನೆನಪಿಗೆ ಅದಕ್ಕೆ ಡೆಸಿಬೆಲ್ ಅಂತ ಹೆಸರಿಟ್ಟರು. ಹಳೇ ಮೈಲಿಯೂ ಹೊಸ ಡೆಸಿಬೆಲ್ಲೂ ಹೆಚ್ಚುಕಮ್ಮಿ ಒಂದೇ. ಅಂದರೆ ನಾನು ಗುಂಡಿ ತಿರುಗಿಸುವಾಗ ಮಾಡುತ್ತಿರುವುದು ಬೇರೇನೂ ಅಲ್ಲ, ದೂರವನ್ನು ಹೆಚ್ಚಿಸುತ್ತಿದ್ದೇನೆ. ಯಾವ ಅಡ್ಡಿಯೂ ಇಲ್ಲದ ಬಯಲಿನಲ್ಲಿ 900 ಮೆಗಾಹರ್ಟ್ಸ್ ಅಲೆ ಒಂದು ಕಿಲೋಮೀಟರ್ ಹೋಗುವಷ್ಟರಲ್ಲಿ ಸುಮಾರು 91 ಡೆಸಿಬೆಲ್ ಕಳೆದುಕೊಳ್ಳುತ್ತದೆ. ಆಮೇಲೆ ದೂರ ಎರಡರಷ್ಟಾದಾಗಲೆಲ್ಲ ಇನ್ನೊಂದು 6. ಬೆಂಗಳೂರಿನ ಏಸಿ ರೂಮಿನಲ್ಲಿ ಕೂತು, ಅಂಗೈ ಮೇಲೆ ಕೂರುವ ಡಬ್ಬಿಯೊಳಗೆ ನಾನು ಕಿಲೋಮೀಟರುಗಟ್ಟಲೆ ದೂರ ಇಟ್ಟುಕೊಂಡಿದ್ದೆ.

ಸೇರಿದ ಹೊಸದರಲ್ಲಿ ನಮ್ಮ ಸೀನಿಯರ್ ಒಬ್ಬರು ಒಂದು ಪಾಠ ಕಲಿಸಿದ್ದರು. ‘ಗುಂಡೀನ 110ಕ್ಕೆ ತಿರುಗ್ಸು, ಫೋನ್ ನೋಡು’ ಅಂದರು. ತಿರುಗಿಸಿದೆ. ಫೋನಿನಲ್ಲಿ ಇನ್ನೂ ಎರಡು ಗೀಟು! ‘ಡಬ್ಬಿ ಕೆಟ್ಟಿದೆ ಸಾರ್’ ಅಂದೆ. ಅವರು ನಕ್ಕು, ಫೋನನ್ನು ಲೋಹದ ಪೆಟ್ಟಿಗೆಯೊಳಗಿಟ್ಟು ಮುಚ್ಚಿ, ಸಡಿಲವಾಗಿದ್ದ ಒಂದು ಕನೆಕ್ಟರನ್ನು ಸ್ಪ್ಯಾನರ್ ಹಾಕಿ ಬಿಗಿದರು. ಸಿಗ್ನಲ್ ಮಾಯ. ಕೇಬಲ್ಲಿನ ದಾರಿಯನ್ನು ಎಷ್ಟು ಕಿರಿದು ಮಾಡಿದರೂ ಸಿಗ್ನಲ್ಲು ಗಾಳಿಯಲ್ಲಿ ಸುತ್ತು ಹಾಕಿ ಒಳಗೆ ಬರುತ್ತಿತ್ತು. ಗದ್ದೆಯ ತೂಬು ಮುಚ್ಚಿದರೇನು, ಬದುವಿನಲ್ಲಿ ಏಡಿ ಬಿಲ ಇದ್ದರೆ ನೀರು ನಿಲ್ಲುವುದಿಲ್ಲವಲ್ಲ. ಅವತ್ತಿನಿಂದ ಗುಂಡಿ ತೋರಿಸುವ ಅಂಕಿಯನ್ನು ನಾನು ಹಾಗೆಯೇ ನಂಬುವುದಿಲ್ಲ ಅಂದುಕೊಂಡಿದ್ದೆ. ಆದರೆ ನಂಬಿದ್ದೆ. ಅದು ಬೇರೆ ಥರದ ನಂಬಿಕೆ.

ನಮ್ಮ ಟೆಸ್ಟು ಹೀಗಿತ್ತು. ಫೋನನ್ನು ಪೆಟ್ಟಿಗೆಯಲ್ಲಿಟ್ಟು, ಟವರಿನ ಹಾಗೆ ನಟಿಸುವ ಯಂತ್ರವನ್ನು ಅಟೆನ್ಯುಯೇಟರ್ ಮೂಲಕ ಅದಕ್ಕೆ ಜೋಡಿಸಿ, ಸೆಕೆಂಡಿಗೆ ಒಂದು ಡೆಸಿಬೆಲ್‌ನಂತೆ ಇಳಿಸುತ್ತಾ ಹೋಗುವುದು. ಮಾತಿನ ಮಧ್ಯೆ ಫೋನು ಹೇಗೆ ಕೈಚೆಲ್ಲುತ್ತದೆ ಅನ್ನುವುದಕ್ಕೆ ಜಿಎಸ್‌ಎಂನಲ್ಲಿ ಒಂದು ಚಂದದ ಲೆಕ್ಕವಿದೆ. ಸುಮಾರು ಅರ್ಧ ಸೆಕೆಂಡಿಗೊಮ್ಮೆ ಟವರಿನಿಂದ ಒಂದು ಸಂದೇಶ ಬರಬೇಕು. ಅದನ್ನು ಓದಲಿಕ್ಕೆ ಆಗದಿದ್ದರೆ ಎಣಿಕೆಯಲ್ಲಿ ಒಂದು ಕಳೆಯಬೇಕು, ಓದಲಿಕ್ಕಾದರೆ ಎರಡು ಕೂಡಬೇಕು. ಸೊನ್ನೆ ಮುಟ್ಟಿದರೆ ಕಾಲ್ ಕಟ್. ಸೋತದ್ದಕ್ಕಿಂತ ಗೆದ್ದದ್ದಕ್ಕೆ ಎರಡು ಪಟ್ಟು ಬೆಲೆ ಕೊಟ್ಟ ಆ ಇಂಜಿನಿಯರ್ ಯಾರೋ, ಒಳ್ಳೆಯ ಮನುಷ್ಯ ಇರಬೇಕು. ಮಾತಾಡದೆ ಸುಮ್ಮನಿರುವ ಫೋನಿನ ಕತೆ ಬೇರೆ. ಸಿಗ್ನಲ್ ಕಳೆದುಹೋದರೆ ಅದು ಮೊದಮೊದಲು ಆಗಾಗ ಹುಡುಕುತ್ತದೆ. ಸಿಗದಿದ್ದರೆ ಬ್ಯಾಟರಿ ಉಳಿಸಲಿಕ್ಕೆ ಅಂತ ನಡುನಡುವೆ ನಿದ್ದೆ ಮಾಡುತ್ತಾ, ಆ ನಿದ್ದೆಯನ್ನು ಉದ್ದ ಮಾಡುತ್ತಾ ಹೋಗುತ್ತದೆ. ನಮ್ಮ ಮೆಟ್ಟಿಲಿಳಿಯುವ ಟೆಸ್ಟಿನಲ್ಲಿ ಇದೆಲ್ಲ ಸರಿಯಾಗಿ ನಡೆಯುತ್ತಿತ್ತು. ಇಳಿಸಿದರೆ ಹೋಗುತ್ತಿತ್ತು, ಏರಿಸಿದರೆ ಬರುತ್ತಿತ್ತು. ಪಾಸ್, ಪಾಸ್, ಪಾಸ್.

ಹೀಗೆ ಪಾಸಾದ ಒಂದು ಮಾಡೆಲ್ ಮಾರುಕಟ್ಟೆಗೆ ಬಂದಾಗ, ನಮ್ಮ ಟೀಮು ಟೆಸ್ಟ್ ಮಾಡಿದ ಫೋನು ಅನ್ನುವ ಜಂಭದಲ್ಲಿ ಒಂದನ್ನು ಕೊಂಡು ಅಮ್ಮನಿಗೆ ಕೊಟ್ಟು ಬಂದೆ.

ಎರಡು ತಿಂಗಳು ಬಿಟ್ಟು ಅಮ್ಮ ಕಲ್ಲಿನ ಮೇಲಿಂದ ಫೋನ್ ಮಾಡಿದಾಗ ಹೇಳಿದಳು: ‘ಫೋನೇನೋ ಚಂದ ಇದೆ ಮಗ. ಒಂದೊಂದ್ಸಲ ಮಾತ್ರ ಕಲ್ಲಿನ ಮೇಲೆ ಬಂದ್ರೂ ಟವರೇ ಬರಲ್ಲ ಕಣಾ. ಆಫ್ ಮಾಡಿ ಆನ್ ಮಾಡಿದ್ರೆ ಬರ್ತದೆ.’

‘ಅದು ನೆಟ್‌ವರ್ಕ್ ಪ್ರಾಬ್ಲಮ್ ಅಮ್ಮ’ ಅಂದೆ.

ಈ ವಾಕ್ಯವನ್ನು ನೀವೂ ಯಾರಿಗೋ ಹೇಳಿರುತ್ತೀರಿ. ಸುಳ್ಳು ಹೇಳಬೇಕು ಅಂತ ಹೇಳಿದ್ದಲ್ಲ. ಆದರೆ ಈಗ ಕೂತು ನೋಡಿದರೆ, ಅಮ್ಮ ಕೊಟ್ಟದ್ದು ಅಚ್ಚುಕಟ್ಟಾದ ಬಗ್ ರಿಪೋರ್ಟು. ಎಲ್ಲಿ ಆಗುತ್ತದೆ, ಎಷ್ಟು ಸಲಕ್ಕೊಮ್ಮೆ ಆಗುತ್ತದೆ, ಏನು ಮಾಡಿದರೆ ಸರಿಯಾಗುತ್ತದೆ, ಮೂರೂ ಅದರಲ್ಲಿತ್ತು. ನಮ್ಮ ಕಂಪನಿಯಲ್ಲಿ ಹೊಸಬರಿಗೆ ಎರಡು ದಿನ ಟ್ರೇನಿಂಗ್ ಕೊಟ್ಟರೂ ಇಷ್ಟು ಚೊಕ್ಕವಾಗಿ ಬರೆಯುವುದಿಲ್ಲ. ನಾನು ಅದನ್ನು ತೆರೆದೂ ನೋಡದೆ ಕ್ಲೋಸ್ ಮಾಡಿದ್ದೆ.

*

2008ರ ಆಷಾಢ. ರಾತ್ರಿ ಎರಡು ಗಂಟೆ ಹೊತ್ತಿಗೆ ಬಚ್ಚಲ ಕಡೆ ಹೋದ ಅಪ್ಪಯ್ಯ ಅಲ್ಲೇ ಕುಸಿದು ಬಿದ್ದರು. ಅಮ್ಮ ಹೋಗಿ ಎಬ್ಬಿಸಿದರೆ ಎಡಗೈ ಎತ್ತಲಿಕ್ಕಾಗುತ್ತಿಲ್ಲ, ಮಾತು ತೊದಲುತ್ತಿದೆ. ಮನೆಯಲ್ಲಿ ಇದ್ದದ್ದು ಅವರಿಬ್ಬರೇ. ಜೀಪು ಇರುವ ಕೆಳಮನೆ ಚಿಕ್ಕಪ್ಪನ ಮನೆಗೆ ಸಂಕ ದಾಟಿ, ಗದ್ದೆ ಬದುವಿನ ಮೇಲೆ ಹೋಗಬೇಕು, ಒಂದು ಮೈಲಿ. ಅವರ ಮನೆಯಲ್ಲಿ ಲ್ಯಾಂಡ್‌ಲೈನ್ ಇದೆ. ಸಿಗ್ನಲ್ ಕಲ್ಲು ಹತ್ತಿರ. ಅಮ್ಮ ಅಪ್ಪಯ್ಯನನ್ನು ಗೋಡೆಗೆ ಒರಗಿಸಿ ಕೂರಿಸಿ, ಕಂಬಳಿಕೊಪ್ಪೆ ಹಾಕಿಕೊಂಡು, ಫೋನನ್ನು ಸೊಂಟಕ್ಕೆ ಸಿಕ್ಕಿಸಿ, ಬ್ಯಾಟರಿ ಹಿಡಿದು ಕಲ್ಲಿಗೆ ಓಡಿದಳು.

ಟವರ್ ಇಲ್ಲ.

ಹಿಡಿದು ಎತ್ತಿದಳು, ತಿರುಗಿಸಿದಳು, ಕಲ್ಲಿನ ಆ ತುದಿಗೆ ಈ ತುದಿಗೆ ಓಡಾಡಿದಳು. ಇಲ್ಲ. ‘ಆಫ್ ಮಾಡಿ ಆನ್ ಮಾಡ್ಬೇಕಿತ್ತಲ ಅಮ್ಮ’ ಅಂತ ಆಮೇಲೆ ನಾನು ಕೇಳಿದ್ದಕ್ಕೆ ಅವಳು ಹೇಳಿದಳು: ‘ಬ್ಯಾಟರಿ ಒಂದೇ ಗೀಟು ಇತ್ತು. ಆಫ್ ಮಾಡಿದ್ಮೇಲೆ ಮತ್ತೆ ಆನೇ ಆಗ್ದೇ ಹೋದ್ರೆ ಎಂತ ಮಾಡದು ಅಂತ ಹೆದ್ರಿಕೆ ಆತು.’ ಕಾಲು ಗಂಟೆ ಕಾದು, ಇಳಿದು ಬಂದು, ಅಪ್ಪಯ್ಯನ ಉಸಿರು ನೋಡಿ, ಆಮೇಲೆ ಆ ಮಳೆಯಲ್ಲಿ ಒಂದು ಮೈಲಿ ನಡೆದು ಹೋಗಿ ಚಿಕ್ಕಪ್ಪನ ಬಾಗಿಲು ಬಡಿದಿದ್ದಾಳೆ. ಶಿವಮೊಗ್ಗದ ಆಸ್ಪತ್ರೆ ಮುಟ್ಟುವಾಗ ಬೆಳಕು ಹರಿದಿತ್ತು.

ಅಪ್ಪಯ್ಯ ಉಳಿದರು. ಎಡಗೈ ಪೂರ್ತಿ ವಾಪಸು ಬರಲಿಲ್ಲ. ಆ ಕಾಲು ಗಂಟೆ ಉಳಿದಿದ್ದರೆ ಏನಾದರೂ ವ್ಯತ್ಯಾಸ ಆಗುತ್ತಿತ್ತಾ ಅಂತ ಡಾಕ್ಟರ ಹತ್ತಿರ ಕೇಳಲಿಲ್ಲ. ಕೇಳಬೇಕು ಅಂತ ಎರಡು ಸಲ ಅವರ ರೂಮಿನ ಬಾಗಿಲಿನವರೆಗೆ ಹೋಗಿದ್ದೆ.

*

ಶ್ರಾವಣದಲ್ಲಿ ರಜೆ ಹಾಕಿ ಊರಿಗೆ ಹೋದಾಗ ಲ್ಯಾಬಿನಿಂದ ಒಂದು ಫೋನು ತೆಗೆದುಕೊಂಡು ಹೋದೆ. ಸಿಗ್ನಲ್ ಎಷ್ಟಿದೆ ಅಂತ ಹೊತ್ತು ಹೊತ್ತಿಗೂ ಬರೆದಿಟ್ಟುಕೊಳ್ಳುವ ಫೋನು ಅದು. ಮೊದಲು ನಾನೇ ಅದನ್ನು ಎದೆಯೆತ್ತರಕ್ಕೆ ಹಿಡಿದು ಅಂಗಳದಿಂದ ಕಲ್ಲಿನವರೆಗೆ ನಡೆದೆ. ಆಮೇಲೆ ಅಮ್ಮನಿಗೆ ಕೊಟ್ಟು, ‘ಅವತ್ತು ಹೆಂಗೆ ಹೋದ್ಯೋ ಹಂಗೇ ಹೋಗು’ ಅಂದೆ. ಅವಳು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟಳು. ಹೀಗೆ ಮೂರು ಸಲ. ಜಗಲಿಯಲ್ಲಿ ಕೂತಿದ್ದ ಅಪ್ಪಯ್ಯ ಒಂದೂ ಮಾತಾಡದೆ ನೋಡುತ್ತಿದ್ದರು.

ರಾತ್ರಿ ಆ ಅಂಕಿಗಳನ್ನು ಲ್ಯಾಪ್‌ಟಾಪಿಗೆ ಹಾಕಿ ನೋಡಿದಾಗ ನನ್ನ ಮುಖಕ್ಕೆ ಯಾರೋ ನೀರು ಎರಚಿದಂತಾಯಿತು. ಅಂಗಳದಲ್ಲಿ ಏನೂ ಇಲ್ಲ. ಕೊಟ್ಟಿಗೆಯ ಮೂಲೆ ತಿರುಗುವಲ್ಲಿ, ಎರಡು ಗುಡ್ಡದ ಸಂದಿಯಿಂದ, ಮೈನಸ್ 97 ಒಮ್ಮೆ ಇಣುಕುತ್ತದೆ. ನಾಲ್ಕೈದು ಸೆಕೆಂಡು ಅಷ್ಟೇ. ಹಲಸಿನ ತಗ್ಗಿಗೆ ಇಳಿದ ಕೂಡಲೇ ಸೀದಾ ಪಾತಾಳ. ಅಲ್ಲಿಂದ ಮೇಲೆ ಹತ್ತಿ ಕಲ್ಲು ಮುಟ್ಟಿದರೆ ಮೈನಸ್ 88. ನಾನು ಹಿಡಿದುಕೊಂಡು ಹೋದದ್ದಕ್ಕಿಂತ ಅಮ್ಮ ಸೊಂಟದಲ್ಲಿ ಒಯ್ದದ್ದು ದಾರಿಯುದ್ದಕ್ಕೂ ಎಂಟು ಡೆಸಿಬೆಲ್‌ನಷ್ಟು ಕಮ್ಮಿ, ಯಾಕೆಂದರೆ ನಮ್ಮ ಮೈ ಕೂಡ ಒಂದು ಅಟೆನ್ಯುಯೇಟರೇ. ಮಳೆ ಹನಿಯಿಂದ 900 ಮೆಗಾಹರ್ಟ್ಸ್‌ಗೆ ಹೇಳಿಕೊಳ್ಳುವಂಥ ತೊಂದರೆ ಇಲ್ಲ, ಆದರೆ ಮಳೆಯಲ್ಲಿ ನೆನೆದ ಎಲೆ ಒಣ ಎಲೆಗಿಂತ ಹೆಚ್ಚು ನುಂಗುತ್ತದೆ. ಹಲಸಿನ ಮರದ ಕೆಳಗೆ ನಡೆದದ್ದು ಅದೇ.

ನಮ್ಮ ಲ್ಯಾಬಿನ ದೂರ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತಿತ್ತು. ಊರಿನ ದೂರಕ್ಕೆ ಮೆಟ್ಟಿಲೇ ಇಲ್ಲ. ಅದು ಇಣುಕಿ, ಧುಮುಕಿ, ಮತ್ತೆ ಎದ್ದು ಬರುವ ದೂರ. ನಾಲ್ಕು ವರ್ಷ ನಾನು ಗುಂಡಿ ತಿರುಗಿಸಿದ್ದು ಹೈವೇ ಮೇಲೆ ಟವರಿನಿಂದ ನಿಧಾನಕ್ಕೆ ದೂರ ಹೋಗುವ ಕಾರಿನವನಿಗಾಗಿ. ಹತ್ತು ಹನ್ನೆರಡು ವರ್ಷ ಇದೇ ಗುಡ್ಡದಲ್ಲಿ ಓಡಾಡಿ ಬೆಳೆದವನಿಗೆ ಅದು ಹೊಳೆದೇ ಇರಲಿಲ್ಲ.

ವಾಪಸು ಬಂದು ಆ ದಾರಿಯನ್ನು ಡಬ್ಬಿಗೆ ತುಂಬಿಸಿದೆ. ಲೆಕ್ಕ ಕಷ್ಟದ್ದಲ್ಲ. ಟವರಿನ ಯಂತ್ರ ಮೈನಸ್ 20 ಕೊಡುತ್ತದೆ, ಕೇಬಲ್ಲಿನಲ್ಲಿ 2 ಹೋಗುತ್ತದೆ. ಹಾಗಾಗಿ ಕೊಟ್ಟಿಗೆ ಮೂಲೆಗೆ 75 ಡೆಸಿಬೆಲ್, ಹಲಸಿನ ತಗ್ಗಿಗೆ 93, ಕಲ್ಲಿಗೆ 66. ಅಮ್ಮ ನಡೆದ ಹೊತ್ತಿನ ಲೆಕ್ಕದಲ್ಲೇ ಅಟೆನ್ಯುಯೇಟರ್ ಬದಲಾಗುವಂತೆ ಸ್ಕ್ರಿಪ್ಟ್ ಬರೆದು ಓಡಿಸಿದೆ. ಟಕ್, ಟಕ್, ಟಕ್‌ಟಕ್. ಮೊದಲ ಸಲ ಏನೂ ಆಗಲಿಲ್ಲ. ಎರಡನೇ ಸಲವೂ ಇಲ್ಲ. ಮೂರನೇ ಸಲ, ಸ್ಕ್ರಿಪ್ಟು ಕಲ್ಲು ಮುಟ್ಟಿತು, 66ಕ್ಕೆ ಬಂದು ನಿಂತಿತು, ಫೋನಿಗೆ ಎಚ್ಚರವೇ ಆಗಲಿಲ್ಲ. ಒಂದು ನಿಮಿಷ. ಐದು ನಿಮಿಷ. ಹತ್ತು. ಪೆಟ್ಟಿಗೆಯ ಗಾಜಿನ ಕಿಂಡಿಯಲ್ಲಿ ಆ ಖಾಲಿ ಗೀಟುಗಳನ್ನು ನೋಡುತ್ತಾ ನಿಂತೇ ಇದ್ದೆ. ಹದಿನಾರನೇ ನಿಮಿಷಕ್ಕೆ ಸಿಗ್ನಲ್ ಬಂತು.

ಮ್ಯಾನೇಜರಿಗೆ ತೋರಿಸಿದರೆ ಅವರು ಒಂದು ಆಕ್ಷೇಪ ಎತ್ತಿದರು. ‘ಇದು ನಿನ್ನ ಅಟೆನ್ಯುಯೇಟರಿನ ತೊಂದರೆ ಯಾಕಾಗಿರಬಾರದು?’ ಆಕ್ಷೇಪ ಸರಿಯಾದದ್ದೇ. ಸ್ವಿಚ್ಚಿನ ಅಟೆನ್ಯುಯೇಟರ್ 79ರಿಂದ 80ಕ್ಕೆ ಹೋಗಬೇಕಾದರೆ ಬಿಡಿಯ ಡಬ್ಬಿ 9ರಿಂದ ಸೊನ್ನೆಗೂ ಹತ್ತರ ಡಬ್ಬಿ 70ರಿಂದ 80ಕ್ಕೂ ಹಾರಬೇಕು. ಎರಡೂ ಒಂದೇ ಕ್ಷಣಕ್ಕೆ ಹಾರುವುದಿಲ್ಲ. ಆ ಕೆಲವು ಮಿಲಿಸೆಕೆಂಡಿನಲ್ಲಿ ಸಂಪರ್ಕವೇ ತಪ್ಪಬಹುದು, ಸಿಗ್ನಲ್ ಎತ್ತೆತ್ತಲೋ ಹೋಗಿ ಬರಬಹುದು. ನಿಜವಾದ ಗುಡ್ಡದಲ್ಲಿ ಅಂಥ ತೂತು ಇರುವುದಿಲ್ಲ. ಹಾಗಾದರೆ ನಾನು ಹಿಡಿದದ್ದು ಫೋನಿನ ತಪ್ಪೋ ಡಬ್ಬಿಯ ತಪ್ಪೋ?

ಪಕ್ಕದ ಟೀಮಿನಿಂದ ಚಿಪ್ಪಿನ ಅಟೆನ್ಯುಯೇಟರುಗಳನ್ನು ಬೇಡಿ ತಂದೆ. ಅದರಲ್ಲಿ ಅಲುಗಾಡುವ ಭಾಗವೇ ಇಲ್ಲ. ಅರ್ಧರ್ಧ ಡೆಸಿಬೆಲ್ ಹೆಜ್ಜೆ, ಸದ್ದಿಲ್ಲ, ಬದಲಾವಣೆ ಮುಗಿಯಲಿಕ್ಕೆ ಮೈಕ್ರೋಸೆಕೆಂಡುಗಳು ಸಾಕು. ಆದರೆ ಒಂದರಲ್ಲಿ 31.5 ಡೆಸಿಬೆಲ್ ಮಾತ್ರ. ಎರಡನ್ನು ಸಾಲಾಗಿ ಜೋಡಿಸಿ, ಮೇಲೊಂದು 30ರ ಪ್ಯಾಡು ಸೇರಿಸಿ, 93ರವರೆಗೆ ಎಳೆದೆ. ಸಾಕಾಗುವಷ್ಟೇ ಇತ್ತು. ಅದೇ ದಾರಿ, ಅದೇ ಹೊತ್ತು. ಐದು ಸಲ ನಡೆಸಿದ್ದರಲ್ಲಿ ಎರಡು ಸಲ ಫೋನು ಮಲಗಿತು. ಮ್ಯಾನೇಜರ್ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು. ‘ಕೋಡ್ ತೆಗಿ’ ಅಂದರು.

ತಪ್ಪು ಸಣ್ಣದು. ಕಳೆದ ಸಿಗ್ನಲ್ ಸಿಕ್ಕ ಕೂಡಲೇ ಫೋನು ಟವರಿನಲ್ಲಿ ತನ್ನ ಹೆಸರು ನೋಂದಾಯಿಸಲಿಕ್ಕೆ ಹೊರಡುತ್ತದೆ. ಆ ಕೆಲಸ ಮುಗಿದ ಮೇಲೆ ನಿದ್ದೆಯ ಲೆಕ್ಕವನ್ನು ಮೊದಲಿಗೆ ತರಬೇಕು. ಕೊಟ್ಟಿಗೆ ಮೂಲೆಯಲ್ಲಿ ನೋಂದಣಿ ಶುರುವಾಗಿ, ಅದು ಮುಗಿಯುವ ಮೊದಲೇ ಹಲಸಿನ ತಗ್ಗಿನಲ್ಲಿ ಸಿಗ್ನಲ್ ಕಡಿದರೆ, ನಮ್ಮ ಕೋಡು ನಿದ್ದೆಯನ್ನು ಮೊದಲಿಗೆ ತರುವುದರ ಬದಲು ಅತಿ ಉದ್ದದ್ದಕ್ಕೆ ಒಯ್ದು ನಿಲ್ಲಿಸುತ್ತಿತ್ತು. ಅಲ್ಲಿಂದ ಕಲ್ಲಿನ ಮೇಲೆ ಎಷ್ಟು ಸಿಗ್ನಲ್ ಇದ್ದರೂ ಫೋನು ಕಣ್ಣೇ ತೆರೆಯುತ್ತಿರಲಿಲ್ಲ. ಸರಿಪಡಿಸಲಿಕ್ಕೆ ಬೇಕಾದದ್ದು ಮೂರು ಸಾಲು. ಬರೆದವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವರು ಬರೆದರು, ಅದನ್ನು ಹಿಡಿಯಬೇಕಾದವನು ನಾನಾಗಿದ್ದೆ.

ಮುಂದಿನ ರಿಲೀಸಿನಲ್ಲಿ ತಿದ್ದುಪಡಿ ಹೋಯಿತು. ಅಮ್ಮನ ಫೋನಿಗೆ ನಾನೇ ಕೈಯಾರೆ ಹೊಸ ಸಾಫ್ಟ್‌ವೇರ್ ಹಾಕಿಕೊಟ್ಟೆ. ಅಷ್ಟರಲ್ಲಿ ಮಾರಾಟವಾಗಿ ಹೋಗಿದ್ದ ಫೋನುಗಳಿಗೆ ಅದು ಮುಟ್ಟುವ ದಾರಿ ಇರಲಿಲ್ಲ. ಸರ್ವಿಸ್ ಸೆಂಟರಿಗೆ ತಂದರೆ ಹಾಕಿಕೊಡಬಹುದು, ಆದರೆ ನೆಟ್‌ವರ್ಕ್ ಬರೋಲ್ಲ ಅಂತ ಯಾರು ಫೋನನ್ನು ಸರ್ವಿಸ್ ಸೆಂಟರಿಗೆ ತರುತ್ತಾರೆ? ಎಲ್ಲರ ಮನೆಯಲ್ಲೂ ‘ಅದು ನೆಟ್‌ವರ್ಕ್ ಪ್ರಾಬ್ಲಮ್’ ಅನ್ನುವ ಮಗನೋ ಅಳಿಯನೋ ಒಬ್ಬ ಇದ್ದೇ ಇರುತ್ತಾನೆ.

ಅಮ್ಮನ ದಾರಿ ಈಗಲೂ ನಮ್ಮ ಟೆಸ್ಟುಗಳ ಪಟ್ಟಿಯಲ್ಲಿದೆ. ನಾನು ‘ಸಿಗ್ನಲ್ ಕಲ್ಲು’ ಅಂತ ಇಟ್ಟಿದ್ದ ಹೆಸರನ್ನು ನಿಯಮಕ್ಕೆ ಸರಿಯಾಗಿ ‘ರೂರಲ್ ಫೇಡ್ 07’ ಅಂತ ಬದಲಾಯಿಸಿದರು. ಪ್ರತಿ ಹೊಸ ಫೋನೂ ಬಿಡುಗಡೆಗೆ ಮೊದಲು ನಮ್ಮ ಕೊಟ್ಟಿಗೆ ಮೂಲೆಯಲ್ಲಿ ತಿರುಗಿ, ಹಲಸಿನ ತಗ್ಗಿಗಿಳಿದು, ಬಂಡೆ ಹತ್ತಿ ಬರಬೇಕು. ಮೊನ್ನೆ ಹೊಸದಾಗಿ ಸೇರಿದ ಹುಡುಗಿ ಕೇಳಿದಳು, ‘ಸರ್, ಉಳಿದ ಎಲ್ಲ ಫೈಲಲ್ಲೂ ಅಂಕಿಗಳು ನೀಟಾಗಿ ಇಳೀತವೆ. ಇದೊಂದು ಯಾಕೆ ಹಿಂಗೆ ಅಡ್ಡಾದಿಡ್ಡಿ?’ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಮ್ಮೂರಲ್ಲಿ ನೀರಿನ ಟ್ಯಾಂಕ್ ಮೇಲೆ ಹತ್ತಬೇಕು ಸರ್’ ಅಂದಳು. ಮುಂದಿನ ಸಲ ಹೋಗುವಾಗ ಆ ಬರೆದಿಟ್ಟುಕೊಳ್ಳುವ ಫೋನನ್ನು ತೆಗೆದುಕೊಂಡು ಹೋಗು ಅಂತ ಹೇಳಿದ್ದೇನೆ.

ಇದನ್ನೆಲ್ಲ ಅಪ್ಪಯ್ಯನಿಗೆ ಹೇಳಿದ್ದು ಕಳೆದ ದೀಪಾವಳಿಯಲ್ಲಿ. ಈಗ ಅವರಿಗೆ ಅಡಿಕೆ ಕತ್ತರಿಸಿ ಕೊಡುವುದು ಅಮ್ಮ. ಕತ್ತರಿಸಿದ್ದನ್ನು ಬಲಗೈಯಲ್ಲಿ ಬಾಯಿಗೆ ಹಾಕಿಕೊಳ್ಳುತ್ತಾ ಪೂರ್ತಿ ಕೇಳಿಸಿಕೊಂಡರು. ಮಾತು ನಿಧಾನವಾಗಿದೆ, ಆದರೆ ಆಡುವ ಮಾತು ಬದಲಾಗಿಲ್ಲ.

‘ನಮ್ಮನೆ ದಾರಿ ತಗಂಡೋಗಿ ಡಬ್ಬಿ ಒಳಗೆ ಇಟ್ಟೆ ಅನ್ನು.’

‘ಹೂಂ ಅಪ್ಪಯ್ಯ.’

‘ನಡೆದಿದ್ದು ನಿನ್ನಮ್ಮ’ ಅಂದರು. ‘ಸಂಬಳ ಅವಳಿಗೆ ಕೊಡ್ಸು.’